ಘಾಟಿನ ಕೆಮ್ಮು

ಅಥವಾ ಮೊದಲು ಕೆಮ್ಮಿದವಳು ನಾನೇ ಇರಬಹುದು. ನೆನಪಿನಲ್ಲಿ ಮಾತ್ರ ಯಾವಾಗಲೂ ಮಾವಶಿ ಮೊದಲು ಕೆಮ್ಮುತ್ತಾಳೆ, ನಾನು ಆಮೇಲೆ. ಇಷ್ಟು ಸಾಲಾಗಿ ಬರುತ್ತದಲ್ಲ, ಅದಕ್ಕೇ ಅನುಮಾನ. ಇದನ್ನು ಒಮ್ಮೆ ಬರೆದು ಹರಿದುಹಾಕಿದ್ದೇನೆ. ಆ ಬರಹದಲ್ಲಿ ನಮ್ಮ ಕೋಣೆಯ ಕಿಟಕಿಗೆ ಹಸಿರು ಬಣ್ಣವಿತ್ತು. ಆ ಹಸಿರು ಎಲ್ಲಿಂದ ಬಂತೋ. ಕಿಟಕಿ ಮುಚ್ಚಿರುತ್ತಿತ್ತು ಎಂಬುದಷ್ಟೇ ಖಾತ್ರಿ.

ಮಾವಶಿ ಎಂದರೆ ಅವ್ವನ ತಂಗಿ. ಅವ್ವ ತೀರಿಕೊಂಡ ಮೇಲೆ ನಿಪ್ಪಾಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದು ನಾವಿಬ್ಬರೇ ಇದ್ದೆವು. ಅವಳು ವಖಾರಿಯಲ್ಲಿ, ಎಂದರೆ ಗೋದಾಮಿನಲ್ಲಿ, ತಂಬಾಕು ಸೋಸುತ್ತಿದ್ದಳು. ನಾನು ಚಿಕ್ಕೋಡಿಯ ಒಂದು ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯ ಹಿಂದೆಯೇ ವಖಾರಿ. ಗಾಳಿ ಬೀಸಿದರೆ ತಂಬಾಕಿನ ಘಾಟು ನೇರ ಒಳಗೆ ಬಂದು ಮೂಗು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ಅದಕ್ಕೇ ಕಿಟಕಿ ಮುಚ್ಚಿ, ಸಂದಿಗೆ ಹಳೆಯ ಸೀರೆಯ ತುಂಡು ತುರುಕುವುದು. ಓಣಿಯ ಎಲ್ಲ ಮನೆಗಳಲ್ಲೂ ಹಾಗೇ.

ಆ ಓಣಿಯಲ್ಲಿ ಕೆಮ್ಮು ರೋಗವಲ್ಲ. ಹೊಸಬರು ಕೆಮ್ಮಿದರೆ ನಗುತ್ತಾರೆ. ಹಳಬರು ಕೆಮ್ಮಿದರೆ ಯಾರಿಗೂ ಕೇಳಿಸುವುದೇ ಇಲ್ಲ. ಒಂದು ಸಂಜೆ ಚಿಕ್ಕೋಡಿಯಲ್ಲಿ ಬಸ್ಸು ಹತ್ತಿ ಕೆಮ್ಮುತ್ತ ಕೂತೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳದೆ ಟಿಕೆಟ್ ಕೊಟ್ಟ.

"ನಿಪ್ಪಾಣಿ ಅಂತ ಹೆಂಗ ಗೊತ್ತಾತ್ರಿ?"

"ನೀವ ಹೇಳಿದ್ರಲ್ಲ ಬಾಯಾರ, ಖೊಕ್ ಖೊಕ್ ಅಂತ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಮನೆಯಲ್ಲಿ ಒಬ್ಬರು ಕೆಮ್ಮಿ ನಿಲ್ಲಿಸಿದಲ್ಲಿಂದ ಇನ್ನೊಬ್ಬರು. ಮಾವಶಿ ಹಾಲಿಗೆ ಅರಿಷಿಣ ಹಾಕಿ, "ಕುಡಿ ಬೇ, ಘಾಟು ಇಳೀತೈತಿ" ಎನ್ನುತ್ತಿದ್ದಳು. ಇಳಿಯಲಿಲ್ಲ. ನನಗೆ ಸಂಜೆಸಂಜೆ ಜ್ವರ ಬರತೊಡಗಿತು, ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ಆಸ್ಪತ್ರೆಯಲ್ಲಿ ಮುಚ್ಚಳದ ಚಿಕ್ಕ ಡಬ್ಬಿ ಕೊಟ್ಟು, ಬಾಯಿಯ ಉಗುಳು ಬೇಡ, ಎದೆಯಾಳದ ಕಫ ಬೇಕು ಎಂದರು. ಟಿಬಿ ಎಂದು ಬಂತು.

ಅಂದು ಮನೆಗೆ ಬಂದು ಮಾವಶಿಗೆ ಹೇಳಿದೆ. ಮರುದಿನ ಪಾತ್ರೆ ತೊಳೆಯುವಾಗ, ನಮ್ಮ ಎರಡು ಸ್ಟೀಲ್ ಗಿಲಾಸುಗಳಲ್ಲಿ ಒಂದರ ತಳದಲ್ಲಿ ಮೊಳೆಯಿಂದ ಬಡಿದ ಚುಕ್ಕಿ ಕಂಡೆ. ನನ್ನನ್ನು ಬೇರೆ ಮಾಡಿದಳು ಅಂದುಕೊಂಡೆ. ಹಠ ಹಿಡಿದು ಅದರಲ್ಲೇ ನೀರು ಕುಡಿಯತೊಡಗಿದೆ. ಒಮ್ಮೆ ಮಾವಶಿ ಅದನ್ನು ನನ್ನ ಕೈಯಿಂದ ಕಸಿದುಕೊಂಡದ್ದು ನೆನಪಿದೆ. ಕಸಿದುಕೊಂಡಳೋ, ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ.

ಕೆಲವು ದಿನಗಳಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬಳು ಮನೆಗೆ ಬಂದಳು. ಬಂದವಳೇ ಸೀರೆಯ ತುಂಡು ಎಳೆದು ಕಿಟಕಿ ತೆರೆದಳು.

"ಇದು ತೆರದಿರ್ಲಿ. ಗಿಲಾಸು ತಾಟಿನಿಂದ ಬರೂದಲ್ರಿ ಇದು, ಗಾಳ್ಯಾಗ ಬರ್ತೈತಿ. ಮುಚ್ಚಿದ ಖೋಲ್ಯಾಗ ಒಬ್ರ ಉಸರು ಒಬ್ರು ತಗೋತೀರಿ." ಹಾಗೆಂದು ಮಾವಶಿಗೂ ಒಂದು ಡಬ್ಬಿ ಚಾಚಿದಳು.

"ನನಗ್ಯಾಕವ್ವಾ? ನಂದು ಘಾಟು," ಎಂದಳು ಮಾವಶಿ. "ರೋಗ ಅಕೀದು."

"ತಪಾಸ ಮಾಡಿದ್ರ ಗೊತ್ತಾಕ್ಕೈತ್ರಿ."

"ವಖಾರ್ಯಾಗ ಎಲ್ಲಾರೂ ಕೆಮ್ಮತಾರ. ಎಲ್ಲಾರ್ಗೂ ಕೊಡು ಹಂಗಾರ. ಸರಕಾರದ ಡಬ್ಬಿ ಸಾಲಂಗಿಲ್ಲ."

"ಕೊಡೂನ್ರಿ. ಮೊದಲ ನೀವು."

ಡಬ್ಬಿಯನ್ನು ಅಡುಗೆಕಟ್ಟೆಯ ಮೇಲಿಟ್ಟು ಅವಳು ಹೋದಳು. ಮರುದಿನ ನಾನು ಗುಳಿಗೆ ತರಲು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಮಾವಶಿ ಇರಲಿಲ್ಲ. ತೀರಿಹೋದ ಗಂಡನ ಊರಾದ ಕರೋಶಿಗೆ, ಮೈದುನನ ಮನೆಗೆ ಹೋದಳೆಂದು ಪಕ್ಕದವರು ಬಾಗಿಲ ಹೊರಗೇ ನಿಂತು ಹೇಳಿದರು. ಡಬ್ಬಿ ಇಟ್ಟಲ್ಲೇ ಇತ್ತು, ಖಾಲಿ. ಚುಕ್ಕಿಯ ಗಿಲಾಸು ಇರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಹೇಳುವಂಥದ್ದೇನೂ ಇಲ್ಲ. ಗುಳಿಗೆ ನುಂಗಿದೆ. ಉಚ್ಚೆ ಕೆಂಪಾಗುತ್ತಿತ್ತು, ಅದು ಗುಳಿಗೆಯಿಂದಲೇ ಎಂದು ಹೇಳಿದ್ದರು. ಕಿಟಕಿ ತೆರೆದಿಟ್ಟೆ. ಘಾಟು ಬಂದು ಕಣ್ಣಲ್ಲಿ ನೀರು ಬರುತ್ತಿತ್ತು, ಹಾಗಾಗಿ ಅತ್ತದ್ದೆಷ್ಟು, ಘಾಟಿನದೆಷ್ಟು ಎಂದು ಈಗ ಬಿಡಿಸಿ ಹೇಳಲಾರೆ. ನಾನು ಕೆಮ್ಮಿ ನಿಲ್ಲಿಸಿದರೆ ಮುಂದಿನ ಕೆಮ್ಮು ಬರುತ್ತಿರಲಿಲ್ಲ. ಬರುತ್ತದೇನೋ ಎಂದು ಸುಮ್ಮನೆ ಕೂತಿರುತ್ತಿದ್ದೆ.

ಇನ್ನು ನಿಮ್ಮಿಂದ ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ ವಾರ ಕರೋಶಿಗೆ ಹೋದೆ. ಮಾವಶಿ ಅಂಗಳದ ತುದಿಯಲ್ಲಿ, ಬೇವಿನ ಬುಡಕ್ಕೆ ಕೂತಿದ್ದಳು. ನಾನು ಹತ್ತಿರ ಹೋದಂತೆ ಹಿಂದೆ ಸರಿದಳು.

"ಅಲ್ಲೇ ಕುಂಡ್ರು. ಬಿಸಲಿಲ್ಲ ಅಲ್ಲಿ."

"ಕೆಮ್ಮು ಎಲ್ಲಿ ಹೋತು ಮಾವಶಿ?"

"ನಿಪ್ಪಾಣ್ಯಾಗ ಬಿಟ್ಟು ಬಂದೇನಿ. ಬಾಡಿಗಿ ಹೆಂಗೂ ನೀ ಕೊಡಾಕತ್ತೀಯಲ್ಲ, ಅಲ್ಲೇ ಇರ್ಲಿ ಅಂತ."

ನಕ್ಕಳು. ನಕ್ಕದ್ದನ್ನು ನಡುವೆಯೇ ನುಂಗಿದಳು, ಸೆರಗು ಬಾಯಿಗೆ ಹೋಯಿತು. ಭುಜ ಮಾತ್ರ ಅಲುಗುತ್ತಿತ್ತು. ಮೈದುನನ ಸೊಸೆ ಚಾ ತಂದಳು. ನನಗೆ ಕಪ್ಪಿನಲ್ಲಿ, ಮಾವಶಿಗೆ ಗಿಲಾಸಿನಲ್ಲಿ. ಅವಳು ಎತ್ತಿ ಕುಡಿಯುವಾಗ ತಳದ ಚುಕ್ಕಿ ಕಂಡಿತು.

"ಅದು ನನ್ನ ಗಿಲಾಸ ಅಲ್ಲೇನ?"

"ನಿಂದು ಯಾವಾಗ ಆಗಿತ್ತ ಬೇ? ಇದು ಮೊದಲಿಂದೂ ನಂದ."

"ಮೊದಲಿಂದ ಅಂದ್ರ?"

"ಚಾ ಆರತೈತಿ, ಕುಡಿ."

ಡಬ್ಬಿಯ ಮಾತು ತೆಗೆದೆ. ಬರುವ ವಾರ ತಾನೇ ಚಿಕ್ಕೋಡಿಯ ಆಸ್ಪತ್ರೆಗೆ ಬಂದು ಕಫ ಕೊಡುತ್ತೇನೆ ಎಂದಳು. ಬರಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡಳು. "ಘಾಟು ಎದಿಯಾಗ ಇಳದಿತ್ರಿ," ಎಂದ ಮೈದುನ. ಮಣ್ಣಿಗೆ ಬಂದವರೆಲ್ಲ ಹೌದೌದು ಎಂದರು. ನಾನು ಕಾಡಿ ಬೇಡಿ ಆ ಮನೆಯವರ ತಪಾಸಣೆ ಮಾಡಿಸಿದೆ. ಯಾರಲ್ಲೂ ಏನೂ ಸಿಗಲಿಲ್ಲ. ಹೊರಗಿನ ಗಾಳಿಯಲ್ಲಿ ಕೂತೇ ಇದ್ದವಳಿಂದ ಯಾರಿಗೂ ಹತ್ತದೇ ಇರಬಹುದು. ಹತ್ತಲು ಅವಳಲ್ಲಿ ಏನೂ ಇಲ್ಲದೆಯೂ ಇರಬಹುದು.

ಗಿಲಾಸು ಕೇಳಿದೆ. ಅವಳ ಅರಿವೆಗಳ ಜೊತೆ ಅದನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದರು.

ಈಗ ನನಗೆ ವಾಸಿಯಾಗಿದೆ. ನಮ್ಮಿಬ್ಬರಲ್ಲಿ ಯಾರಿಂದ ಯಾರಿಗೆ ಬಂತು, ಅವಳಿಗೆ ಟಿಬಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಚುಕ್ಕಿಯನ್ನು ನನ್ನ ಫಲಿತಾಂಶ ಬಂದ ಮೇಲೆ ಬಡಿದಳೋ, ಅದಕ್ಕೂ ಎಷ್ಟೋ ಮೊದಲು ತನ್ನ ಗಿಲಾಸು ನನ್ನ ಬಾಯಿಗೆ ಹೋಗಬಾರದೆಂದು ಬಡಿದಿದ್ದಳೋ, ಅದೂ ಗೊತ್ತಿಲ್ಲ.