ಹೆಸರಿದ್ದ ಸಹಿಗೆ ಬೆಲೆ ಕಮ್ಮಿ

ನನ್ನ ಸಹಿಯ ಮೇಲೆ ನನಗೇ ನಂಬಿಕೆ ಇಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಷ್ಟು ಕಾಲ ಹಾಜರಿ ಪುಸ್ತಕಕ್ಕೆ ಹಾಕಿ ಹಾಕಿ ಅದು ಸವೆದುಹೋಗಿ, ಈಗ ಇರುವೆಯೊಂದು ಶಾಯಿಯಲ್ಲಿ ಕಾಲದ್ದಿಕೊಂಡು ಓಡಿದ ಹಾಗೆ ಕಾಣುತ್ತದೆ. ಬ್ಯಾಂಕಿನ ಹುಡುಗಿ ಚೆಕ್ಕು ನೋಡಿ, ನನ್ನ ಮುಖ ನೋಡಿ, "ಸರ್, ಇನ್ನೊಂದು ಸಲ ಹಾಕಿ" ಎನ್ನುತ್ತಾಳೆ. ಇನ್ನೊಂದು ಸಲ ಹಾಕಿದರೆ ಅದು ಇನ್ಯಾರದೋ ಸಹಿಯಾಗಿರುತ್ತದೆ. ವಿಜಯನಗರದ ಅರಸರು ಈ ವಿಷಯದಲ್ಲಿ ಜಾಣರು. ಶಾಸನದ ಕೊನೆಗೆ ತಮ್ಮ ಹೆಸರಿನ ಗೋಜಿಗೇ ಹೋಗದೆ 'ಶ್ರೀ ವಿರೂಪಾಕ್ಷ' ಎಂದು ದೇವರ ಹೆಸರಿನಲ್ಲಿ ಒಪ್ಪ ಹಾಕುತ್ತಿದ್ದರು. ದೇವರ ಸಹಿಯನ್ನು ಯಾವ ಬ್ಯಾಂಕು ವಾಪಸು ಮಾಡೀತು?

ಸಹಿಯನ್ನು ಇಷ್ಟು ಹಗುರವಾಗಿ ಕಂಡ ನಾನು ಹೋದ ವರ್ಷ ಇನ್ನೊಬ್ಬರ ಸಹಿಯನ್ನು ಹರಾಜಿಗೆ ಹಾಕಿಸುವ ಕೆಲಸಕ್ಕೆ ಬಿದ್ದೆ. ಆ ಸಹಿ ಹಳೆಯ ಕಾಲದ ಸಿನೆಮಾ ನಾಯಕನಟರೊಬ್ಬರದು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವರ ಹಾಡು ಗುನುಗುತ್ತ ಕುಳಿತು ನನ್ನ ಮಾತು ಕೇಳುವುದಿಲ್ಲ. ಮಾರಲು ಹೊರಟವಳು ಮಂಚಿಕೇರಿಯಲ್ಲಿರುವ ನನ್ನ ಅಕ್ಕ ಶಾರದೆ.

ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, 'ಇವು' ಎನ್ನುತ್ತಾರೆ. ಅಕ್ಕನ ಬಾಯಲ್ಲಿ 'ಇವು' ಎಂದರೆ ಭಾವ. 'ಅವು' ಎಂದರೆ ಆ ನಟರು. "ಇವು ಪ್ಯಾಟಿಗೆ ಹೋಯ್ದ" ಎಂದರೆ ಭಾವ ಯಲ್ಲಾಪುರಕ್ಕೆ ಹೋಗಿದ್ದಾರೆ. "ಅವು ಬಿಳಿ ಅಂಗಿಲೇ ಚೊಲೋ ಕಾಣ್ತಿದ್ದ" ಎಂದರೆ ಹಳೆಯ ಸಿನೆಮಾದ ಮಾತು. ಹತ್ತಿರದ್ದಕ್ಕೆ ಇವು, ದೂರದ್ದಕ್ಕೆ ಅವು ಎಂದು ನಾನು ವ್ಯಾಕರಣದಲ್ಲಿ ಪಾಠ ಮಾಡಿದ್ದೇನೆ. ಒಂದೇ ಮನೆಯಲ್ಲಿ ಎರಡೂ ಸರ್ವನಾಮಗಳು ಜಗಳವಿಲ್ಲದೆ ಬಾಳಿದ್ದನ್ನು ಕಂಡದ್ದು ಅಕ್ಕನ ಮನೆಯಲ್ಲಿ ಮಾತ್ರ. ಇದರ ಪುಣ್ಯ ಹೆಚ್ಚಿನಂಶ ಭಾವನದು. ಅವರು ಯಾವುದಕ್ಕೂ ತಲೆ ಕೆಡಿಸಿಕೊಳ್ಳುವ ಜನವಲ್ಲ.

ಅಕ್ಕನಿಗೆ ಮದುವೆಯಾದ ಹೊಸತರಲ್ಲಿ ಯಲ್ಲಾಪುರದ ಆಚೆ ಹೊಳೆಯೊಂದರ ಹತ್ತಿರ ಶೂಟಿಂಗ್ ಆಯಿತು. ಕೊಡ ಹೊತ್ತು ಹೊಳೆ ದಾಟುವ ಹೆಂಗಸರ ಸಾಲು ಬೇಕಿತ್ತು. ಊರಿನಿಂದ ಕೆಲವರನ್ನು ಕರೆದರು. ಅಕ್ಕ ಹೋಗಲೋ ಬೇಡವೋ ಎಂದು ಒದ್ದಾಡುತ್ತಿದ್ದಾಗ ಭಾವ, "ಹೋಗು, ಕೊಡ ಹೊರದು ನಿಂಗೆ ಹೊಸತಲ್ಲ" ಎಂದರಂತೆ. ಆ ದೃಶ್ಯವನ್ನು ಮತ್ತೆ ಮತ್ತೆ ತೆಗೆದರು. ತಪ್ಪು ಹೆಂಗಸರದಲ್ಲ, ನಾಯಕರದು. ಪರದೆಯ ಮೇಲೆ ಹತ್ತು ಜನರನ್ನು ಒಟ್ಟಿಗೆ ಹೊಡೆದು ಬೀಳಿಸುತ್ತಿದ್ದ ಮನುಷ್ಯನಿಗೆ ನೀರೆಂದರೆ ಭಯ. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟ ಕೂಡಲೇ ಮುಖ ಬಿಳುಪೇರುತ್ತಿತ್ತು. ಕೊನೆಗೆ ಸಾಲಿನಲ್ಲಿ ಮುಂದಿದ್ದ ಅಕ್ಕ ಒಂದು ಕೈಯಲ್ಲಿ ಕೊಡ ಹಿಡಿದು, ಇನ್ನೊಂದನ್ನು ಅವರತ್ತ ಚಾಚಿ, "ಇಲ್ಲಿ ಕಾಲಿಡಿ, ಈ ಕಲ್ಲು ಜಾರದಿಲ್ಲ" ಎಂದಳು. ಅವರು ದಾಟಿದರು. ಸಂಜೆ ಚಳಿಗೆ ನಡುಗುತ್ತಿದ್ದ ಅಕ್ಕನಿಗೆ ತಮ್ಮ ಉಣ್ಣೆ ಶಾಲು ಕೊಟ್ಟರು. ಹೆಸರು ಕೇಳಿ, ತಮ್ಮದೊಂದು ಫೋಟೋದ ಮೇಲೆ ಬರೆದರು: 'ಶಾರದಾ ಅವರಿಗೆ, ನೀರಿಗೆ ಹೆದರದಿದ್ದಕ್ಕೆ.' ಕೆಳಗೆ ಸಹಿ.

ಸಿನೆಮಾ ಶಿರಸಿಗೆ ಬಂದಾಗ ಮನೆಮಂದಿಯೆಲ್ಲ ಹೋಗಿ ನೋಡಿದೆವು. ಅಕ್ಕನ ಕೊಡ ಚೆನ್ನಾಗಿ ಕಾಣಿಸಿತು. ಅಕ್ಕ ಕಾಣಿಸಲಿಲ್ಲ.

ಆಮೇಲೆ ಅಕ್ಕ ಪ್ರತಿ ದೀಪಾವಳಿಗೆ ಅವರಿಗೊಂದು ಶುಭಾಶಯ ಕಳಿಸುತ್ತಿದ್ದಳು. ಆ ಕಡೆಯಿಂದ ಸಹಿ ಹಾಕಿದ ಹೊಸ ಫೋಟೋ ಅಂಚೆಯಲ್ಲಿ ಬರುತ್ತಿತ್ತು. ಅವರು ತೀರಿಕೊಳ್ಳುವವರೆಗೂ ಹೀಗೇ ನಡೆದು, ಅಕ್ಕನ ಕಪಾಟಿನಲ್ಲಿ ಫೋಟೋಗಳ ದೊಡ್ಡ ಕಟ್ಟೇ ಆಯಿತು. ನೆಂಟರು ಬಂದರೆ ಕಾಫಿಯಾದ ಮೇಲೆ ಆ ಕಟ್ಟು ಹೊರಬರುತ್ತಿತ್ತು. ಅದು ಹೊರಬಂದ ಕೂಡಲೇ ಕೆಲವರಿಗೆ ಬಸ್ಸಿನ ಹೊತ್ತು ನೆನಪಾಗುತ್ತಿತ್ತು.

ಇಷ್ಟು ಪ್ರೀತಿಯ ಸಾಮಾನನ್ನು ಅವಳೇಕೆ ಮಾರಲು ಹೊರಟಳು ಎಂದರೆ, ಯಕ್ಷಗಾನಕ್ಕಾಗಿ. ಮಂಚಿಕೇರಿಯಲ್ಲಿ ನಾಟಕ, ತಾಳಮದ್ದಲೆ ಎಂದರೆ ಗಂಡಸರು ಊಟ ಬಿಟ್ಟು ಬರುತ್ತಾರೆ. ಈಚೆಗೆ ಹೆಂಗಸರೂ ಸೇರಿ ಒಂದು ತಂಡ ಕಟ್ಟಿಕೊಂಡಿದ್ದಾರೆ. ಅಕ್ಕ ಅದರಲ್ಲಿ ರಾಕ್ಷಸ ವೇಷ ಮಾಡುತ್ತಾಳೆ. ಎಲ್ಲರೊಡನೆ ಮೆತ್ತಗೆ ಮಾತಾಡುವ ನನ್ನ ಅಕ್ಕ ರಂಗಕ್ಕೆ ಬಂದು ಆರ್ಭಟ ಕೊಟ್ಟಾಗ, ಮೊದಲ ಸಾಲಿನಲ್ಲಿದ್ದ ನಾನು ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿದ್ದುಂಟು. ತೊಂದರೆ ಎಂದರೆ ಬಾಡಿಗೆಗೆ ಸಿಗುವ ವೇಷಭೂಷಣವೆಲ್ಲ ಗಂಡಸರ ಅಳತೆಯದು. ಸಿದ್ದಾಪುರದ ಕಡೆಯ ಆಟವೊಂದರಲ್ಲಿ ಯುದ್ಧದ ನಡುವೆ ಕಿರೀಟ ಜಾರಿ ಅಕ್ಕನ ಮೂಗಿನ ಮೇಲೆ ಕೂತಿತು. ರಾಕ್ಷಸ ಏನೂ ಕಾಣದೆ ತನ್ನ ಪಕ್ಷದ ಸೇನಾಪತಿಯನ್ನೇ ಅಟ್ಟಿಸಿಕೊಂಡು ಹೋದ. ಜನ ನಕ್ಕರು. ಅಕ್ಕ ವೇಷ ಕಟ್ಟುವ ಚೌಕಿಗೆ ಬಂದು ಬಣ್ಣ ತೆಗೆಯದೆ ಬಹಳ ಹೊತ್ತು ಕೂತಿದ್ದಳು.

ಮರುದಿನ ನನಗೆ ಫೋನು ಬಂತು. "ತಮಾ, ಅವುಗಳ ಫೋಟೋಕ್ಕೆ ಈಗ ಬೆಲೆ ಇದ್ದಡ. ಪೇಪರಲ್ಲಿ ಬೈಂದು. ಎಲ್ಲ ಮಾರಿ ನಮ್ಮ ಅಳತೆದು ವೇಷ ಮಾಡಸ್ತೆ. ಯಾರಲ್ಲಿ ಕೇಳಕ್ಕು ನೋಡು."

ನಾನು ಅಲ್ಲಿ ಇಲ್ಲಿ ವಿಚಾರಿಸಿ, ಇಂಥ ವಸ್ತುಗಳನ್ನು ಹರಾಜು ಹಾಕುವ ಬೆಂಗಳೂರಿನ ಸಂಸ್ಥೆಯೊಂದನ್ನು ಹುಡುಕಿದೆ. ಅವರು ಪರೀಕ್ಷೆ ಮಾಡಲು ಮೈತ್ರಿ ಎಂಬ ಹುಡುಗಿಯನ್ನು ಕಳಿಸಿದರು. ಹಾವೇರಿ ಕಡೆಯವಳು. ಅಕ್ಕ ಕೊಟ್ಟ ಕಷಾಯ ಕುಡಿದು, ಭೂತಗನ್ನಡಿ ತೆಗೆದು, ಫೋಟೋಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕಟ್ಟು ಮುಗಿಯುವ ಹೊತ್ತಿಗೆ ಅವಳ ಮುಖ ಸಣ್ಣಗಾಗಿತ್ತು.

"ಅಮ್ಮಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಅಂಚೆಯಾಗ ಬಂದಾವಲ್ಲ, ಇವು ಅವರು ಹಾಕಿದ ಸಹಿ ಅಲ್ರಿ. ಅವರ ಆಫೀಸಿನಾಗ ಯಾರೋ ಒಬ್ಬರು ಹಾಕ್ಯಾರ. ದೊಡ್ಡ ನಟರಿಗೆ ದಿನಾ ರಾಶಿ ಟಪಾಲು ಬರ್ತಿತ್ತು. ಅವರೊಬ್ಬರ ಕೈಲಿ ಆಗೂದಲ್ಲ."

ಅಕ್ಕ ಫೋಟೋಗಳನ್ನು ನೋಡಿದಳು, ಹುಡುಗಿಯನ್ನು ನೋಡಿದಳು. "ಅಂದರೆ ಇಷ್ಟು ವರ್ಷ ನನಗೆ ಫೋಟೋ ಕಳಿಸಿದ್ದು ಯಾರು?" ಎಂದು ಕೇಳಿದಳು. ಮೈತ್ರಿ ಭೂತಗನ್ನಡಿಯನ್ನು ಒರೆಸತೊಡಗಿದಳು. ಅಲಂಕಾರಶಾಸ್ತ್ರದಲ್ಲಿ ಭ್ರಾಂತಿಮಾನ್ ಎಂಬುದೊಂದಿದೆ. ಒಂದನ್ನು ಕಂಡು ಇನ್ನೊಂದೆಂದು ತಿಳಿಯುವುದು. ಪಾಠ ಮಾಡುವಾಗ ಅದು ತುಂಬ ಸುಂದರವಾದ ಅಲಂಕಾರ. ಎದುರು ಕೂತ ಅಕ್ಕನ ಮುಖದಲ್ಲಿ ನೋಡಿದರೆ ಹಾಗನ್ನಿಸಲಿಲ್ಲ.

ಊಟಕ್ಕೆ ಕುಳಿತೆವು. ತಂಬುಳಿಗೆ ಉಪ್ಪು ಹಾಕಿರಲಿಲ್ಲ, ಯಾರೂ ಹೇಳಲಿಲ್ಲ. ಎಂದೂ ಬಡಿಸದ ಭಾವ ಎದ್ದು ಹೋಗಿ ಅಕ್ಕನ ಬಾಳೆಲೆಗೆ ಅನ್ನ ಹಾಕಿ ಹೇಳಿದರು: "ಯಾರೋ ಒಬ್ಬ ಪುಣ್ಯಾತ್ಮ ಅಲ್ಲಿ ಕೂತು, ವರ್ಷಾ ವರ್ಷಾ ನಿನ್ನ ವಿಳಾಸ ಬರದು, ಅಂಟು ಹಚ್ಚಿ ಕಳಸಿದ್ದ. ನಾಯಕಂಗೆ ಒಂದು ದಿನವೂ ಪುರುಸೊತ್ತಾಜಿಲ್ಲೆ, ಅವಂಗೆ ಎಲ್ಲಾ ವರ್ಷವೂ ಆಜು. ಬೇಜಾರು ಎಂತಕ್ಕೆ?"

ಅಕ್ಕ ತುತ್ತು ನುಂಗಿ, "ಅಕ್ಷರ ಮಾತ್ರ ಚೊಲೋ ಇದ್ದು ಅವಂದು" ಎಂದಳು. ನಾವು ಧೈರ್ಯವಾಗಿ ಉಪ್ಪು ಕೇಳಿದೆವು.

ಊಟವಾದ ಮೇಲೆ, ಹೊಳೆಯ ದಂಡೆಯಲ್ಲಿ ಬರೆದುಕೊಟ್ಟ ಆ ಮೊದಲ ಫೋಟೋ ಹೊರಬಂತು. ಮೈತ್ರಿ ಭೂತಗನ್ನಡಿ ಇಟ್ಟವಳು ತಲೆ ಎತ್ತಲೇ ಇಲ್ಲ. ಇದು ಅವರದೇ ಸಹಿ, ಅನುಮಾನವಿಲ್ಲ ಎಂದಳು. ಆದರೆ ಒಂದು ತೊಡಕಿತ್ತು. ಬರೀ ಸಹಿ ಇದ್ದರೆ ಕೊಳ್ಳಲು ಜನ ಮುಗಿಬೀಳುತ್ತಾರೆ. 'ಇಂಥವರಿಗೆ' ಎಂದು ಹೆಸರು ಬರೆದಿದ್ದರೆ ಬೆಲೆ ಇಳಿಯುತ್ತದೆ. ಇನ್ನೊಬ್ಬರ ಹೆಸರಿದ್ದದ್ದನ್ನು ತಮ್ಮ ಗೋಡೆಗೆ ಯಾರು ತೂಗುಹಾಕಿಕೊಳ್ಳುತ್ತಾರೆ?

ನಾನು ಇದನ್ನು ಕೇಳಿ ಬೆರಗಾದೆ. ನಟರು ಅಕ್ಕನ ಮುಖ ನೋಡಿ, ಹೆಸರು ಕೇಳಿ, ಯೋಚಿಸಿ ಬರೆದದ್ದೇ ಅದರ ದೋಷವಾಯಿತಲ್ಲ. ಪೇಟೆಗೆ ಬೇಕಾದದ್ದು ಯಾರಿಗೂ ಸಲ್ಲದ ಪ್ರೀತಿ.

"ಕೆಲವರು ಹೆಸರು ಅಳಿಸಿ ಮಾರ್ತಾರ್ರಿ. ನಾವು ಅಂಥಾದ್ದು ತಗೊಳ್ಳೂದಿಲ್ಲ. ಆದರ ಮಾಡೋರು ಅದಾರ," ಎಂದಳು ಮೈತ್ರಿ.

ಅಕ್ಕ ನನ್ನ ಕಡೆ ತಿರುಗಿ, "ನನ್ನ ಹೆಸರು ತೆಗದ್ರೆ, ನೀರಿಗೆ ಹೆದರದೇ ಇದ್ದದ್ದು ಯಾರು ಹೇಳಿ ಆಗ್ತು?" ಎಂದಳು. ಹೆಸರು ಹಾಗೆಯೇ ಉಳಿಯಿತು.

"ಶಾಲು ಅಂದ್ರಲ್ರಿ, ಅದು?" ಎಂದು ಹುಡುಗಿ ಕೇಳಿದಾಗ ಎಲ್ಲರೂ ಭಾವನನ್ನು ನೋಡಿದೆವು. ಅದು ಅವರ ಹೆಗಲ ಮೇಲಿತ್ತು. ಬೆಳಗಿನ ಚಳಿಗೆ, ತಾಳಮದ್ದಲೆಗೆ, ಸೊಸೈಟಿಯ ಮೀಟಿಂಗಿಗೆ ಅವರು ಅದನ್ನೇ ಹೊದ್ದು ಹೋಗುವವರು. ಅಂಚು ಎಳೆಬಿಟ್ಟಿತ್ತು, ಒಂದು ಮೂಲೆಯಲ್ಲಿ ಎಲೆಯಡಿಕೆ ಕವಳದ ಕಲೆ. ಮೈತ್ರಿ ಗಾಬರಿಯಿಂದ, "ಇದನ್ನ ಹೊಚ್ಕೊಂಡೀರೇನ್ರಿ ಇಷ್ಟು ವರ್ಷ?" ಎಂದಳು.

"ಮತ್ತೆ ಶಾಲು ಇಪ್ಪದು ಎಂತಕ್ಕೆ?" ಎಂದರು ಭಾವ. ಹೀಗೆ ಹೇಳುತ್ತಲೇ ಅದನ್ನು ಹೆಗಲಿನಿಂದ ತೆಗೆದು, ಮಡಿಸಿ, ಕೈಯಿಂದ ಒರಸಿ ಸಪಾಟು ಮಾಡಿ ಮೇಜಿನ ಮೇಲಿಟ್ಟರು. "ಇವಳ ಕಿರೀಟಕ್ಕೆ ಆಗ್ತು ಹೇಳಾದ್ರೆ ತಗಂಡು ಹೋಗು ಕೂಸೇ." ಶಾಲಿಲ್ಲದ ಭಾವ ಇಷ್ಟು ಸಪೂರ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಶಾಲು ನಟರದೇ ಎನ್ನಲು ಪುರಾವೆ ಇರಲಿಲ್ಲ, ಅವರು ಅದನ್ನು ಹೊದ್ದಿರುವ ಫೋಟೋ ಕೂಡ ಇಲ್ಲ. ಅದು ಹರಾಜಿಗೆ ಬರುವಂತಿಲ್ಲ ಎಂದಳು ಮೈತ್ರಿ. ಅಕ್ಕ ಅದನ್ನೆತ್ತಿ ಮಡಿಕೆ ಬಿಚ್ಚಿ ಭಾವನ ಹೆಗಲಿಗೆ ಹೊದಿಸಿದಳು.

ಹರಾಜಿನ ದಿನ ಅಕ್ಕ, ಭಾವ, ತಂಡದ ಹೆಂಗಸರು ಎಲ್ಲ ಶಿರಸಿಯ ನನ್ನ ಮನೆಗೆ ಬಂದರು. ಅಲ್ಲಿ ಇಂಟರ್‌ನೆಟ್ ಕೈಕೊಡುವುದಿಲ್ಲ. ನಮಗೆಲ್ಲ ಗೊತ್ತಿರುವ ಹರಾಜು ಎಂದರೆ ಗಣಪತಿ ಮುಳುಗಿಸುವ ದಿನ ಫಲಾವಳಿಯ ಕಾಯಿ-ಹಣ್ಣುಗಳ ಸವಾಲು. ಅಲ್ಲಿ ತೆಂಗಿನಕಾಯಿಗೆ ಎದುರುಬದುರು ನಿಂತು ಕೂಗುತ್ತಾರೆ. ಸೋತವನ ಮುಖ ಗೆದ್ದವನಿಗೆ ಕಾಣುತ್ತದೆ. ಇಲ್ಲಿ ಲ್ಯಾಪ್‌ಟಾಪಿನೊಳಗೆ ಅಂಕಿ ಮಾತ್ರ ಸದ್ದಿಲ್ಲದೆ ಬದಲಾಗುತ್ತದೆ. ಆಫೀಸಿನ ಸಹಿಯ ಫೋಟೋಗಳೆಲ್ಲ ಒಂದೇ ಕಟ್ಟಾಗಿ, ಸಹಿ ನಟರದಲ್ಲವೆಂದು ಮೊದಲೇ ಹೇಳಿ, ಅಲ್ಪ ಬೆಲೆಗೆ ಹೋದವು. ಆಮೇಲೆ ಹೊಳೆಯ ಫೋಟೋ ಬಂತು. ಅಂಕಿ ಒಂದಿಷ್ಟು ಏರಿ ನಿಂತುಬಿಟ್ಟಿತು. ಒಬ್ಬಳು ಹೆಂಗಸು ಕೂತಲ್ಲೇ ದೇವರಿಗೆ ಕಾಯಿಯ ಹರಕೆ ಹೇಳಿಕೊಂಡಳು. ಭಾವ ಅಭ್ಯಾಸಬಲದಿಂದ ಕೈ ಎತ್ತಲು ಹೋದರು, ನಾನು ಹಿಡಿದು ಕೂರಿಸಿದೆ.

ಇನ್ನೇನು ಮುಗಿಯಿತು ಎನ್ನುವಾಗ ಅಂಕಿ ಮತ್ತೆ ಅಲುಗಿತು. ಯಾರೋ ಇಬ್ಬರು ಹಟಕ್ಕೆ ಬಿದ್ದಿದ್ದರು. ಒಬ್ಬರು ಏರಿಸಿದರೆ ಇನ್ನೊಬ್ಬರು ಕೂಡಲೇ ಏರಿಸುತ್ತಿದ್ದರು. ಅಕ್ಕ ಪರದೆ ನೋಡಲಾರದೆ ಅಡುಗೆಮನೆಗೆ ಹೋಗಿ ನಿಂತಳು. ಮುಗಿದಾಗ ಬಂದ ಬೆಲೆ ಮೈತ್ರಿ ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ತಂಡಕ್ಕೆಲ್ಲ ವೇಷವಾಗುವಷ್ಟು. ಹೆಂಗಸರು ಅಕ್ಕನನ್ನು ಹೊರಗೆ ಕರೆತಂದರು. ಅವಳು ಎಲ್ಲರ ಜೊತೆ ನಕ್ಕಳು, ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತು ಫೋಟೋವನ್ನು ಅದು ಪರದೆಯಿಂದ ಮರೆಯಾಗುವವರೆಗೂ ನೋಡಿದಳು.

ಮುಂದಿನ ವಾರ ನಾನು ಮಂಚಿಕೇರಿಗೆ ಹೋಗಿದ್ದಾಗ ಫೋನು ಬಂತು. ಕೊಂಡವರು ದಾವಣಗೆರೆಯ ಒಬ್ಬ ಹೆಂಗಸು. ಮೈತ್ರಿಯ ಮೂಲಕ ಅಕ್ಕನ ಒಪ್ಪಿಗೆ ಪಡೆದು ಮಾತಾಡಲು ಬಯಸಿದ್ದರು. ಅಕ್ಕ ಸ್ಪೀಕರ್ ಹಾಕಿದಳು.

"ನನ್ನ ಹೆಸರೂ ಶಾರದಾ ಅಂತ ರೀ," ಎಂದಿತು ಆ ಕಡೆಯ ದನಿ. "ಸಣ್ಣಾಕಿ ಇದ್ದಾಗಿಂದ ಅವರ ಅಭಿಮಾನಿ. ಒಮ್ಮೆನೂ ನೋಡಲಿಲ್ಲ. ಅವರ ಕೈಲೆ ನನ್ನ ಹೆಸರು ಬರದಿದ್ದು ನೋಡಿದ್ ಮ್ಯಾಲೆ ಬಿಡಾಕ ಮನಸಾಗಲಿಲ್ರಿ." ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಕೇಳಾಕ ಫೋನ್ ಮಾಡಿದೆ. ಮನಿಗೆ ಬಂದೋರಿಗೆ, ಇದು ನನಗೇ ಬರದು ಕೊಟ್ಟಿದ್ದು ಅಂತ ಹೇಳಿದ್ರ ನಿಮಗ ಬ್ಯಾಸರಾ ಇಲ್ಲಲ್ರೀ?"

ನಾನು ಅಕ್ಕನ ಮುಖ ನೋಡಿದೆ. ಕಾಗದ ಮಾರುವುದು ಒಂದು. ಆ ಸಂಜೆಯನ್ನೇ ಬಿಟ್ಟುಕೊಡುವುದು ಇನ್ನೊಂದು. ಅಕ್ಕ ಹೊಸ್ತಿಲ ಕಡೆ ನೋಡಿದಳು, ಫೋನನ್ನು ಹತ್ತಿರ ಎಳೆದುಕೊಂಡಳು. ಕೊನೆಗೆ ಅಕ್ಕ, "ಹೇಳಿ, ಅಡ್ಡಿಯಿಲ್ಲ. ಆದ್ರೆ ಬಂದವರು ನೀರು ಎಲ್ಲಿತ್ತು, ಹೆದರಿದವರು ಯಾರು ಅಂತ ಕೇಳ್ತಾರೆ. ಸರಿಯಾಗಿ ಕೇಳಿಕೊಳ್ಳಿ," ಎಂದು ಹೊಳೆಯ ಕಥೆಯನ್ನು ಮೊದಲಿನಿಂದ ಶುರುಮಾಡಿದಳು.

ಆ ಕಥೆ ನನಗೆ ಬಾಯಿಪಾಠ. ಆದರೂ ಆ ದಿನ ಕೇಳುತ್ತ ಹೋದಂತೆ ಹೊಳೆ ಅಗಲವಾಯಿತು, ಸೆಳವು ಹೆಚ್ಚಾಯಿತು, ಎಂದೂ ಇರದ ಮಳೆಯೊಂದು ಹನಿಯತೊಡಗಿತು. ಎದೆಮಟ್ಟದ ನೀರಿನಲ್ಲಿ ನಾಯಕರು ಕೈ ಮುಗಿಯುವಲ್ಲಿಗೆ ಬಂದಾಗ ನನ್ನೊಳಗಿನ ಮೇಷ್ಟ್ರು ತಡೆಯಲಾರದೆ, "ಅಕ್ಕಾ, ನೀರು ಮೊಣಕಾಲಿನವರೆಗೆ ಮಾತ್ರ ಇತ್ತಲೆ" ಎಂದು ಪಿಸುಗುಟ್ಟಿದೆ.

ಅಕ್ಕ ಫೋನಿಗೆ ಕೈ ಅಡ್ಡ ಹಿಡಿದು ಹೇಳಿದಳು: "ಸುಮ್ಮಂಗಿರು ತಮಾ. ಅದು ಈಗ ಅವರ ಕಥೆ. ಚೊಲೋ ಇರ್ಲಿ."