ಸೀಸ ಕಟ್ಟಿಕೊಂಡು ಮುಳುಗಿದ ಬೆಳಗೊಳದ ಈಜುಗಾರ

ಬೆಳಗೊಳದ ನಾಲೆಯಲ್ಲಿ ಈ ಕೆಂಪಣ್ಣನಷ್ಟು ಹೊತ್ತು ಮುಳುಗಿರುವವರು ಯಾರೂ ಇಲ್ಲ ಎಂದು ಊರೆಲ್ಲ ಒಪ್ಪಿಕೊಂಡಿದೆ. ಒಪ್ಪದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕುವಾಗ, ಸಂಜೆ ಕಟ್ಟೆಯ ಮೇಲೆ ಕೂತಾಗ ನಾನೇ ಅದನ್ನು ಹೇಳುತ್ತಿದ್ದೆ. ನಮ್ಮ ಕಡೆಯ ಆಟವೇ ಅದು. ತೂಬಿನ ಪಕ್ಕದಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಕಟ್ಟಿ ಮುಳುಗಬೇಕು. ಕೊನೆಯಲ್ಲಿ ತಲೆ ಎತ್ತಿದವನು ಗೆದ್ದ. ಐವತ್ತು ದಾಟಿದ ಮೇಲೂ ನಾನು ಇಳಿದು ಗೆಲ್ಲುತ್ತಿದ್ದೆ. ಗೆದ್ದು ಮೇಲೆ ಬಂದಾಗ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿರುತ್ತದೆ ಎಂದು ಹೆಂಡತಿ ಸೋಮಮ್ಮ ಹೇಳುತ್ತಾಳೆ. ಅವಳು ನನ್ನ ಸೋದರತ್ತೆಯ ಮಗಳು, ಇವತ್ತಿಗೂ ಭಾವ ಎಂದೇ ಕರೆಯುವುದು. ನಾಲೆಗೆ ಬಟ್ಟೆ ಒಗೆಯಲು ಹೋದಾಗಲೂ ಮೊಣಕಾಲಿಗಿಂತ ಮೇಲೆ ನೀರು ಕಂಡವಳಲ್ಲ.

ಇಂಥವಳಿಗೆ ಹೋದ ವರ್ಷ ಒಂದು ಆಸೆ ಹುಟ್ಟಿತು. ನಮ್ಮ ಮಗಳು ಸ್ನೇಹ ಅಂಡಮಾನಿನ ಪೋರ್ಟ್‌ಬ್ಲೇರಿನಲ್ಲಿ ನರ್ಸು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದ ಅಡಿಯಲ್ಲಿ ಮೀನುಗಳ ನಡುವೆ ತೇಲುವ ತನ್ನ ವಿಡಿಯೋ ಒಂದನ್ನು ಅವಳು ಕಳಿಸಿದಳು. ಸೋಮಮ್ಮ ಅದನ್ನು ಹಸು ಕರೆಯುವಾಗಲೂ ನೋಡಿದಳು, ಮುದ್ದೆ ತೊಳಸುವಾಗಲೂ ನೋಡಿದಳು. ಆ ವಾರ ನಾವು ತಿಂದ ಮುದ್ದೆಯೆಲ್ಲ ಗಂಟುಗಂಟು.

"ಭಾವ, ನಾನೂ ಅಲ್ಲಿಗಿಳೀಬೇಕು" ಎಂದಳು.

"ಈಜೇ ಬರಾಕಿಲ್ಲ. ಇಳ್ದು ಏನ್ ಮಾಡೀಯೆ?"

"ನೀನಿದ್ದೀಯಲ್ಲ. ಮದ್ವೆ ಆದಾಗಿಂದ ಈಜಿನ್ ಕತೆ ಏಳ್ತಾನೇ ಇದ್ದೀಯ. ನೀನ್ ಪಕ್ಕದಲ್ಲಿದ್ರೆ ಇಳೀತೀನಿ. ಇಲ್ದಿದ್ರೆ ಇಲ್ಲ."

ಅವಳು ನನ್ನನ್ನು ಇಷ್ಟೊಂದು ನಂಬಿದ್ದು ಅದೇ ಮೊದಲು. ಹಸು ಕೊಂಡಾಗ ನಂಬಿರಲಿಲ್ಲ, ಪಂಪ್‌ಸೆಟ್ಟು ರಿಪೇರಿ ಮಾಡಿದಾಗ ನಂಬಿರಲಿಲ್ಲ. ನಾನು ಎದೆ ಉಬ್ಬಿಸಿ ಹೂಂ ಎಂದೆ.

ಹಸುಗಳನ್ನು ಪಕ್ಕದ ಮನೆಯ ಮಂಚಮ್ಮನಿಗೆ ಒಪ್ಪಿಸಿದೆವು. "ನೀರ್ ನೋಡಕ್ಕೆ ಅಲ್ಲೀಗಂಟ ಯಾಕೋಗ್ತೀರ, ಕನ್ನಂಬಾಡಿ ಕಟ್ಟೆ ತುಂಬ್ಕಂಡು ಇಲ್ಲೇ ಕುಂತದಲ್ಲ" ಎಂದು ಅವಳು ಗೊಣಗುತ್ತಲೇ ಹಗ್ಗ ಹಿಡಿದುಕೊಂಡಳು.

ಪೋರ್ಟ್‌ಬ್ಲೇರಿನಲ್ಲಿ ಸ್ನೇಹ ನಮ್ಮ ಸೂಟ್‌ಕೇಸು ಕಿತ್ತಿಟ್ಟು ಇಬ್ಬರಿಗೂ ಒಂದೊಂದು ಬೆನ್ನುಚೀಲ ಕೊಟ್ಟಳು. "ಇಷ್ಟೇ ಸಾಕು ಕಣಪ್ಪ. ದ್ವೀಪದಿಂದ ದ್ವೀಪಕ್ಕೆ ಓಗಿ, ಗುಡಿಸ್ಲಲ್ಲಿ ಉಳ್ಕಳಿ. ಎಲ್ರೂ ಇಲ್ಲಿ ಅಂಗೇ ತಿರುಗೋದು." ನನ್ನ ಚೀಲದಲ್ಲಿ ಅರ್ಧ ರಾಗಿ ಹಿಟ್ಟೇ ಇತ್ತು. ನೀಲ್ ದ್ವೀಪದಲ್ಲಿ ಹಡಗಿನಿಂದ ಇಳಿಯುವಷ್ಟರಲ್ಲಿ ಅದರ ಪಟ್ಟಿ ಭುಜ ಕೊಯ್ಯತೊಡಗಿತು. ಟವೆಲನ್ನು ಸಿಂಬಿ ಸುತ್ತಿ, ಚೀಲವನ್ನು ಹುಲ್ಲಿನ ಹೊರೆಯಂತೆ ತಲೆಯ ಮೇಲಿಟ್ಟುಕೊಂಡು ನಡೆದೆ. ವಿದೇಶದ ಹುಡುಗಿಯರಿಬ್ಬರು ಫೋಟೋ ತೆಗೆದರು. ನಾನು ನಿಂತು ಮೀಸೆ ತಿರುವಿದೆ. ಸೋಮಮ್ಮ ನನಗೂ ತನಗೂ ಪರಿಚಯವೇ ಇಲ್ಲದವಳಂತೆ ಮುಂದೆ ಹೋಗಿಬಿಟ್ಟಳು.

ಅಲ್ಲಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಬಂದೆವು. ಮುಳುಗುವುದನ್ನು ಕಲಿಸುವವನ ಹೆಸರು ಕಿಶನ್. ಮುರುಡೇಶ್ವರದಲ್ಲಿ ಕೆಲಸ ಮಾಡಿದ್ದವನು, ಕನ್ನಡ ಬರುತ್ತಿತ್ತು. ಈಜು ಬರುತ್ತದೆಯೇ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಸೋಮಮ್ಮ, "ನಮ್ ತಾಲ್ಲೂಕ್ನಲ್ಲೇ ಇವ್ರಂಗೆ ಯಾರೂ ಇಲ್ಲ" ಎಂದಳು. ಅಲ್ಲಿಗೆ ನಾನು ಹಿಂದೆ ಸರಿಯುವ ದಾರಿಯೂ ಮುಚ್ಚಿತು.

ಮೈಗಂಟುವ ರಬ್ಬರಿನ ಅಂಗಿಯೊಳಗೆ ನನ್ನನ್ನು ತುರುಕಲು ಇಬ್ಬರು ಬೇಕಾದರು. ಆಮೇಲೆ ಕಿಶನ್ ಸೊಂಟಕ್ಕೆ ಸೀಸದ ತುಂಡುಗಳನ್ನು ಕಟ್ಟಿದ. ನಮ್ಮೂರಲ್ಲಿ ಈಜು ಕಲಿಯುವವರಿಗೆ ಮುಳುಗದಿರಲಿ ಎಂದು ಖಾಲಿ ಕ್ಯಾನು ಕಟ್ಟುತ್ತೇವೆ. ಇಲ್ಲಿ ದುಡ್ಡು ಕೊಟ್ಟು ಮುಳುಗಲಿ ಎಂದು ಸೀಸ ಕಟ್ಟಿಸಿಕೊಂಡು ನಿಂತಿದ್ದೆ.

"ನಿಯಮ ಒಂದೇ" ಎಂದ ಕಿಶನ್. "ಉಸಿರು ಕಟ್ಟಬಾರದು. ಸಿಲಿಂಡರಿನಿಂದ ಬರುವ ಈ ರಬ್ಬರಿನ ಕೊಳವೆ ಕಚ್ಚಿಕೊಂಡು ಬಾಯಿಂದ ಎಳೆಯುತ್ತ, ಬಿಡುತ್ತ ಇರಿ. ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಇವತ್ತು ದಡದ ಹತ್ತಿರದ ನೀರಲ್ಲೇ ಅಭ್ಯಾಸ. ಸರಿಯಾಗಿ ಮಾಡಿದವರನ್ನು ನಾಳೆ ದೋಣಿಯಲ್ಲಿ ಆಳಕ್ಕೆ ಕರೆದೊಯ್ಯುತ್ತೇನೆ."

ಇದೇನು ಮಹಾ ಎಂದುಕೊಂಡು ತಲೆ ಮುಳುಗಿಸಿದೆ. ಕಿವಿಗೆ ನೀರು ತಾಗಿದ್ದೇ ತಡ, ನಾನು ಹೇಳದೆಯೇ ಉಸಿರು ಬಾಗಿಲು ಹಾಕಿಕೊಂಡಿತು. ಕಿಶನ್ ಮೇಲೆತ್ತಿದ.

"ಉಸಿರು ಬಿಡುತ್ತಿಲ್ಲ ನೀವು."

"ಬುಡ್ತಾ ಇದ್ದೀನಲ್ಲ."

"ಬಿಟ್ಟರೆ ಗುಳ್ಳೆ ಬರಬೇಕಲ್ಲ ಅಣ್ಣ."

"ಗುಳ್ಳೆ ಬಂದ್ರೆ ನಮ್ಮೂರಲ್ಲಿ ಸೋತಂಗೆ ಕಣಪ್ಪ."

ಮತ್ತೆ ಮುಳುಗಿದೆ, ಮತ್ತೆ ಅದೇ. ಆ ಕಡೆ ಸೋಮಮ್ಮ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದಳು. ಅವಳ ತಲೆಯ ಮೇಲೆ ಗುಳ್ಳೆಗಳು ಒಲೆಯ ಮೇಲಿನ ಎಸರಿನಂತೆ ಕುದಿಯುತ್ತಿದ್ದವು. ನೀರಿನ ಬಗ್ಗೆ ಏನೂ ಗೊತ್ತಿಲ್ಲದಿದ್ದುದೇ ಅವಳ ಭಾಗ್ಯ. ನನಗೆ ಗೊತ್ತಿದ್ದುದೆಲ್ಲ ಇಲ್ಲಿ ತಪ್ಪಾಗಿತ್ತು. ಸಂಜೆ ಕಿಶನ್, "ಅಕ್ಕ ನಾಳೆ ಬರಲಿ, ಅಣ್ಣ ದಡದಲ್ಲಿ ಕೂತಿರಲಿ" ಎಂದ.

"ಇವ್ರಿಲ್ದೆ ನಾನ್ ಇಳಿಯಾಕಿಲ್ಲ" ಎಂದು ಸೋಮಮ್ಮ ಮುಖಕ್ಕೆ ಕಟ್ಟಿದ್ದ ಈಜಿನ ಕನ್ನಡಕ ಬಿಚ್ಚಿ ಅವನ ಕೈಗೆ ಕೊಟ್ಟಳು.

ಗುಡಿಸಲಿಗೆ ಬಂದ ಮೇಲೆ ಒಬ್ಬಳೇ ಹೋಗು ಎಂದು ಗೋಗರೆದೆ.

"ಬ್ಯಾಡ ಬುಡು. ವಿಡಿಯೋ ಅದಲ್ಲ, ಅದ್ನೇ ನೋಡ್ಕತೀನಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸಮಾಧಾನವಾಗಿ ಹೇಳಿದಳು. ಇಷ್ಟು ದೂರ ಬಂದ ಅವಳ ಆಸೆ ನನ್ನ ಹಾಳು ಉಸಿರಿನಿಂದ ದಡದಲ್ಲೇ ಉಳಿಯುವುದರಲ್ಲಿತ್ತು.

ಹೊರಗೆ ನಲ್ಲಿಯ ಹತ್ತಿರ ಹೋಗಿ ಬಕೆಟ್ಟಿನ ನೀರಿಗೆ ಮುಖ ಅದ್ದಿ ಗುಳ್ಳೆ ಬಿಡಲು ನೋಡಿದೆ. ಪಕ್ಕದ ಗುಡಿಸಲಿನ ವಿದೇಶಿಯವನು ನಾನು ಪ್ರಾಣ ಕಳೆದುಕೊಳ್ಳುತ್ತಿದ್ದೇನೆ ಎಂದುಕೊಂಡು ಓಡಿಬಂದು ಕತ್ತು ಹಿಡಿದೆತ್ತಿದ. ಆಮೇಲೆ ಭುಜ ತಟ್ಟಿ, ಅವನ ಭಾಷೆಯಲ್ಲಿ ಬದುಕಿನ ಬಗ್ಗೆ ಏನೇನೋ ಒಳ್ಳೆಯ ಮಾತು ಹೇಳಿದ. ನಾನೂ ತಲೆಯಾಡಿಸಿದೆ.

ಬೆಳಿಗ್ಗೆ ಕಿಶನ್‌ನ ಮುಂದೆ ಕೈಮುಗಿದು ನಿಂತೆ. ದಡದಲ್ಲಿ ಇನ್ನೊಂದು ಸಲ ನೋಡೋಣ ಎಂದು ಅವನು ಒಪ್ಪಿದ. ನೀರೊಳಗೆ ಸೋಮಮ್ಮ ನನ್ನ ಕೈ ಹಿಡಿದುಕೊಂಡಳು. ಉಸಿರು ಕಟ್ಟಿದಾಗಲೆಲ್ಲ ತೋಳು ಚಿವುಟಿದಳು. ನೋವಿಗೆ ಒಂದು ಗುಳ್ಳೆ ಬರುತ್ತಿತ್ತು, ಮತ್ತೆ ಬಾಗಿಲು ಮುಚ್ಚುತ್ತಿತ್ತು. ಅಷ್ಟರಲ್ಲಿ ಹಳದಿ ಪಟ್ಟೆಯ ಮೀನೊಂದು ಅವಳ ಮೂಗಿನ ಮುಂದೆ ಸುಳಿಯಿತು. ಅವಳು ಅದನ್ನೇ ನೋಡುತ್ತ ನನ್ನ ಕೈ ಬಿಟ್ಟಳು. ಬಿಟ್ಟು, ಅದರ ಹಿಂದೆಯೇ ಹೊರಟಳು. ಕಿಶನ್ ಅವಳ ಪಕ್ಕದಲ್ಲೇ ಇದ್ದ, ನನ್ನ ಪಕ್ಕದಲ್ಲಿ ಅವನ ಜೊತೆಗಾರನಿದ್ದ. ಆದರೆ ನನಗೆ ಕಂಡದ್ದು ಇಷ್ಟೇ. ಮೊಣಕಾಲುದ್ದದ ನೀರನ್ನೂ ದಾಟದವಳು ನೀಲಿಯೊಳಗೆ ಹೋಗುತ್ತಿದ್ದಾಳೆ.

"ಸೋಮೀ" ಎಂದು ಬಾಯಲ್ಲಿ ಕಚ್ಚಿದ್ದ ರಬ್ಬರಿನೊಳಗೇ ಕೂಗಿದೆ. ಗುಳ್ಳೆ ಭುಸ್ಸೆಂದು ಮೇಲೆದ್ದಿತು. ಮತ್ತೆ ಕೂಗಬೇಕಾದರೆ ಗಾಳಿ ಬೇಕು, ಎಳೆದುಕೊಂಡೆ. ಮತ್ತೆ ಸೋಮೀ. ಮತ್ತೆ ಎಳೆದುಕೊಂಡೆ. ಕಿಶನ್ ತಿರುಗಿ ನೋಡಿ, ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದ. ಸರಿಯಾಗಿದೆ ಎಂಬುದಕ್ಕೆ ಅವರು ಹಾಗೆ ಮಾಡುತ್ತಾರೆ.

ಅವತ್ತೇ ದೋಣಿ ಹತ್ತಿಸಿದ. ಆಳದಲ್ಲಿ ಹವಳವಿತ್ತಂತೆ, ಮೀನಿನ ಹಿಂಡು ಇತ್ತಂತೆ, ಬಂಡೆಯ ಸಂದಿಯಿಂದ ಹಾವಿನಂಥದ್ದೊಂದು ಇಣುಕಿತಂತೆ. ನಾನು ನೋಡಿದ್ದು ಮುಂದೆ ಹೋಗುತ್ತಿದ್ದ ಸೋಮಮ್ಮನ ಎರಡು ಅಂಗಾಲು ಮಾತ್ರ. ಮೇಲೆ ಬರುವವರೆಗೂ ಅವುಗಳನ್ನೇ ನೋಡುತ್ತ ಅವಳ ಹೆಸರು ಕೂಗುತ್ತಿದ್ದೆ.

ದೋಣಿಯಲ್ಲಿ ಅವಳು ಮುಖ ಒರೆಸಿಕೊಂಡು ಕೂತಳು. ಕಣ್ಣು ಇನ್ನೂ ನೀರಿನ ಕೆಳಗೇ ಇತ್ತು.

"ಹವಳ ಕಂಡ್ಯಾ ಭಾವ?"

"ಕಾಣ್ದೆ ಏನು."

"ಸುಳ್ಳೇಳ್ಬ್ಯಾಡ. ಕೆಳಗೆಲ್ಲ ನನ್ನೆಸ್ರೇ ಗುಯ್‌ಗುಡ್ತಿತ್ತು. ಮೀನೆಲ್ಲ ದಿಕ್ಕಾಪಾಲು." ಒದ್ದೆ ಕೂದಲು ಹಿಂಡಿಕೊಂಡು, "ನಾಳೆ ಇನ್ನೊಂದ್ಸಲ ಇಳಿಯವಾ?" ಎಂದಳು.

"ಕೂಗ್ಬಾರ್ದಾ ಅಂಗಾರೆ?"

"ಕೂಗು" ಎಂದಳು. "ವಸಿ ಮೆಲ್ಲುಗ್ ಕೂಗು."