ಪೂರಿಗಾಲಿ ತಾತನ ಒಕ್ಕಲು

ಗುತ್ತಲಿನಲ್ಲಿ ಹೆಣ್ಣು ನೋಡಲು ಹೊರಡುವವರು ಜೋಯಿಸರಿಗಿಂತ ಮೊದಲು ನಮ್ಮ ಪಕ್ಕದ ಮನೆಯ ದೇವಿರಮ್ಮನವರ ಬಾಗಿಲಿಗೆ ಬರುತ್ತಾರೆ. ಹುಡುಗ, ಹುಡುಗಿಯದು ಒಂದೇ ಒಕ್ಕಲು, ಅಂದರೆ ಒಂದೇ ಮೂಲದ ಮನೆತನವಾದರೆ ಅವರು ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಯಾವ ಮನೆ ಯಾವ ಒಕ್ಕಲು, ಎಲ್ಲಿಂದ ಹೆಣ್ಣು ತಂದಿದ್ದಾರೆ, ಆಕೆಗೆ ಬಾಯಿಪಾಠ. ಇಷ್ಟೆಲ್ಲ ಸಂಬಂಧ ಬಲ್ಲ ಹೆಂಗಸು ಹಬ್ಬದ ದಿನ ಒಬ್ಬಟ್ಟು ಮಾಡಿದರೆ ತಿನ್ನಲು ಮನೆಯಲ್ಲಿ ಇನ್ನೊಂದು ಜೀವವಿಲ್ಲ. ನನಗಂತೂ ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಇಪ್ಪತ್ತನೆಯ ವಯಸ್ಸಿನಲ್ಲಿ ಆಕೆ ಕೊತ್ತತ್ತಿಯ ಶಿವರಾಜುವನ್ನು ಮೆಚ್ಚಿದ್ದರು. "ಅವ್ರೂ ನಮ್ಮ ಒಕ್ಕಲೇ ಕಣಮ್ಮ, ಅಣ್ಣ ಆಯ್ತಾನೆ, ಬುಟ್ಬುಡು" ಅಂದರು ಅಪ್ಪ. ಬಿಟ್ಟರು. ಆತನಿಗೆ ಮದುವೆಯಾಯಿತು. ಈಕೆ ಯಾರನ್ನೂ ಒಪ್ಪಲಿಲ್ಲ.

ಹೋದ ವರ್ಷ ಆಕೆಯ ತಮ್ಮ ಜಯಪ್ರಕಾಶನ ಮಗಳು ಚಂದನ ಬಂದು ಅಳುತ್ತ ಕೂತಳು. ಅವಳು ಮೆಚ್ಚಿದ್ದು ಶಶಿಧರ್‌ನನ್ನು, ಅದೇ ಶಿವರಾಜುವಿನ ಮಗನನ್ನು. ವಿಧಿಗೆ ಬೇರೆ ಕೆಲಸವಿರಲಿಲ್ಲವೇ!

"ನೀವು ಹೂಂ ಅಂದ್ರೆ ಅಪ್ಪ ಒಪ್ತಾರೆ ಅತ್ತೆ."

"ನಾನ್ ಊಂ ಅಂದ್ರೆ ಒಕ್ಕಲು ಬದ್ಲಾದದಾ?" ಎಂದು ಗದರಿದರು. ಆದರೂ ಆ ಮನೆಯ ಹಿರಿಯರ ಹೆಸರನ್ನೆಲ್ಲ ಅವಳಿಂದಲೇ ಕೇಳಿ ತಿಳಿದರು. ಶಿವರಾಜುವಿನ ಅಪ್ಪನ ಅಪ್ಪನನ್ನು ಮನೆಯವರು ಪೂರಿಗಾಲಿ ತಾತ ಅನ್ನುತ್ತಿದ್ದರಂತೆ. ಏಕೆಂದು ಚಂದನಳಿಗೆ ಗೊತ್ತಿರಲಿಲ್ಲ.

ಮರುದಿನವೇ ದೇವಿರಮ್ಮ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಮಳವಳ್ಳಿ ಕಡೆಯ ಪೂರಿಗಾಲಿ ಎಂಬ ಊರಿನಲ್ಲಿ ವಿಚಾರಿಸುತ್ತ ತೊಂಬತ್ತರ ಅಂಕಮ್ಮನ ಜಗಲಿ ಸೇರಿದೆವು.

"ಕೊತ್ತತ್ತಿ ಸೇರ್ದೋನಾ? ನಮ್ಮಾವನ ತಮ್ಮ ಕಣವ್ವ. ಮನೆಅಳಿಯನಾಗಿ ಓದ. ಮಕ್ಕಳನ್ನ ಎಣ್ಣಿನ ಮನೆ ಒಕ್ಕಲಿಗೇ ಸೇರಿಸ್ಕಂಡ್ರು. ನಾವ್ ಬುಡಕ್ಕಾದದಾ? ಮಾರ್ನಮೀಲಿ ನಮ್ಮ ಇರೀಕರ ಜೊತೆ ಈಗ್ಲೂ ಅವನೆಸ್ರಿಗೊಂದು ಎಡೆ ಇಕ್ತೀವಿ."

ಒಕ್ಕಲು ಬರುವುದು ತಂದೆಯಿಂದ. ಅಂಕಮ್ಮನ ಮನೆಯ ಒಕ್ಕಲು ಬೇರೆ. ಶಿವರಾಜು ದೇವಿರಮ್ಮನವರಿಗೆ ಯಾವತ್ತೂ ಅಣ್ಣನಾಗಿರಲಿಲ್ಲ.

ವಾಪಸು ಬರುವಾಗ ದೇವಿರಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಮಂಡ್ಯ ಹತ್ತಿರವಾದಾಗ, "ತಮ್ಮಂಗೆ ಇದುನ್ನ ಏಳುದ್ರೆ ನಾನ್ ಒಂಟಿಯಾಗಿದ್ದುದ್ದೆಲ್ಲ ದಂಡ ಅಂತ ಒಪ್ಕಬೇಕು ಕಣೆ" ಅಂದರು. ಮತ್ತೆ ತಾವೇ, "ಏಳ್ದೆ ಇದ್ರೆ ಆ ಮಗೀಗೂ ಇದೇ ಗತಿ."

ನೇರವಾಗಿ ತಮ್ಮನ ಮನೆಗೇ ಹೋಗಿ ಹೇಳಿದರು.

ಚಂದನಳ ನಿಶ್ಚಿತಾರ್ಥಕ್ಕೆ ವೀಳ್ಯ ಬದಲಾಯಿಸುವ ದಿನ ಶಿವರಾಜು ಬೀಗರ ಸಾಲಿನಿಂದ ಎದ್ದು ಆಕೆಯ ಹತ್ತಿರ ಬಂದರು. ತಲೆ ಪೂರ್ತಿ ನರೆತಿತ್ತು.

"ಇದುನ್ನ ಪತ್ತೆ ಮಾಡಕ್ಕೆ ಎಷ್ಟು ದಿನ ಆಯ್ತು?"

"ದಿನ ಏನ್ ಬಂತು," ಅಂದರು ದೇವಿರಮ್ಮ. "ಬೆಳಿಗ್ಗೆ ಓಗಿ ಸಂಜೆಗೆ ಬಂದೆ. ಮಳವಳ್ಳೀಲಿ ಒಂದು ಬಸ್ಸು ಬದಲಾಯ್ಸುದ್ರೆ ಆಯ್ತು. ಆವಾಗ್ಲೂ ಆ ಬಸ್ಸು ಇತ್ತು. ನೀನೂ ಅತ್ನಿಲ್ಲ, ನಾನೂ ಅತ್ನಿಲ್ಲ."